ನಾಲ್ಕು ಸೆಕೆಂಡಿನ ಬಾಗಿಲು

ಮೂರನೇ ಸಲವೂ ಅವನು ನನ್ನ ದೂರನ್ನು ಮುಚ್ಚಿಹಾಕಿದ್ದ. ಕೆಳಗೆ ಒಂದೇ ಸಾಲು: "ಇದು ದೋಷ ಅಲ್ಲ, ಸಾಧನೆ."

ಮೈಯೆಲ್ಲ ಉರಿದುಹೋಯಿತು. ವಿಡಿಯೋ ಗೇಮ್ ಮಾಡುವ ಕಂಪನಿಯಲ್ಲಿ ನಾನು ಟೆಸ್ಟರ್. ದಿನವಿಡೀ ಆಡಿ, ತಪ್ಪು ಹುಡುಕಿ, ಬರೆದು ಕಳಿಸುವುದೇ ನನ್ನ ಹೊಟ್ಟೆಪಾಡು. ಆಫೀಸಿನಲ್ಲಿ ನನಗಿಟ್ಟ ಹೆಸರು ಕೊಕ್ಕೆ. ಅವನದು ಅವಸರ. ಗೇಮ್ ಎಲ್ಲೂ ತಡವರಿಸದೆ ಓಡುವಂತೆ ನೋಡಿಕೊಳ್ಳುವ ಪ್ರೋಗ್ರಾಮರ್ ಅವನು. ಚಹಾ ಆರುವವರೆಗೂ ಕಾಯದೆ ದಿನಾ ನಾಲಿಗೆ ಸುಟ್ಟುಕೊಳ್ಳುತ್ತಾನೆ.

ಶುಕ್ರವಾರ ಗೇಮಿನ ಎರಡನೇ ಭಾಗ ಬಿಡುಗಡೆಗೆ ಹೋಗುತ್ತದೆ. ಅಂದೇ ನನ್ನ ಕಾಂಟ್ರಾಕ್ಟ್ ಮುಗಿಯುತ್ತದೆ. ಆಮೇಲೆ ಅವನ ಮೇಜಿನ ಹತ್ತಿರ ಹೋಗಿ ನಿಲ್ಲಲು ನನಗೆ ಯಾವ ನೆಪವೂ ಇರುವುದಿಲ್ಲ. ಜಗಳವಾದರೂ ಸರಿ, ಇರುವಷ್ಟು ದಿನ ಆಡಿಬಿಡೋಣ ಎಂದು ಎದ್ದೆ.

"ಬನ್ನಿ ಕೊಕ್ಕೆ ಮೇಡಂ," ಎಂದ, ತಲೆ ಎತ್ತದೆ. "ಬಾಗಿಲು ಬೇಗ ತೆರೆಯುತ್ತೆ ಅಂತ ದೂರು ಕೊಟ್ಟ ಟೆಸ್ಟರ್ ಈ ಪ್ರಪಂಚದಲ್ಲಿ ನೀವೊಬ್ರೇ."

"ಮೊದಲನೇ ಭಾಗ ನೀವು ಆಡಿದ್ರೆ ಹೀಗೆ ಹೇಳ್ತಿರ್ಲಿಲ್ಲ."

ಮೊದಲ ಭಾಗ ಬಂದಾಗ ನನಗೆ ಹತ್ತು ವರ್ಷ, ಅಕ್ಕನಿಗೆ ಹದಿನಾಲ್ಕು. ನೂರು ಕೋಣೆಗಳ ಮಹಲು. ದೀಪ ಹಿಡಿದ ಒಬ್ಬ ಕಾವಲುಗಾರ, ದಾರಿ ತಪ್ಪಿ ಬಂದ ಒಬ್ಬಳು ದೋಣಿಯವಳು. ಇಬ್ಬರೂ ಸೇರಿ ಹೊರದಾರಿ ಹುಡುಕಬೇಕು. ಅಕ್ಕ ಕಾವಲುಗಾರ, ನಾನು ದೋಣಿಯವಳು. ಆಗಿನ ಮಷೀನಿಗೆ ಮುಂದಿನ ಕೋಣೆಯನ್ನು ಎತ್ತಿ ತರಲು ನಾಲ್ಕು ಸೆಕೆಂಡು ಬೇಕಿತ್ತು. ಅಲ್ಲಿಯವರೆಗೆ ಇಬ್ಬರೂ ಮುಚ್ಚಿದ ಬಾಗಿಲಿನ ಮುಂದೆ ಎದುರುಬದುರು ನಿಂತಿರುತ್ತಿದ್ದರು. ಮುಖವೆಂದರೆ ಆರೇಳು ಚೌಕ, ಕಣ್ಣೆಂದರೆ ಎರಡು ಚುಕ್ಕಿ. ಆ ಹೊತ್ತಿನಲ್ಲಿ ಅಕ್ಕ ಅವರಿಗೆ ಮಾತು ಕೊಡುತ್ತಿದ್ದಳು. ದಪ್ಪ ದನಿಯಲ್ಲಿ, "ಕೈ ತಣ್ಣಗಿದೆಯಲ್ಲ, ದೀಪದ ಹತ್ತಿರ ಬಾ," ಎನ್ನುವಳು. ನಾನು ನಾಚಿಕೊಂಡು, "ಬಂದೆ," ಎನ್ನುತ್ತಿದ್ದೆ. ಗೇಮಿನ ಕಥೆ ನನಗೆ ಮರೆತೇಹೋಗಿದೆ. ಬಾಗಿಲುಗಳು ಮರೆತಿಲ್ಲ.

ಇದನ್ನೆಲ್ಲ ಹೇಳಿದರೆ ಅವನು ನಕ್ಕ. "ಆ ಮಷೀನು ಕುಂಟ್ತಾ ಇತ್ತು ಕಣ್ರೀ, ಅಷ್ಟೇ. ಇಲ್ಲಿ ನೋಡಿ."

ಸ್ಕ್ರೀನಿನ ಮೇಲೆ ಹೊಸ ದೋಣಿಯವಳು ತಿರುಗಿ ನೋಡಿದಳು. ಹಣೆಗೆ ಅಂಟಿದ ಒಂದು ಒದ್ದೆ ಕೂದಲೆಳೆ. ಕಣ್ಣಿನೊಳಗೆ ದೀಪದ ಪುಟ್ಟ ಜ್ವಾಲೆ ಅಲುಗಾಡುತ್ತಿತ್ತು.

"ಹೇಗಿದೆ ಕಣ್ಣು?"

"ಚೆನ್ನಾಗಿದೆ," ಎಂದೆ. ನಾನು ನೋಡುತ್ತಿದ್ದದ್ದು ಸ್ಕ್ರೀನನ್ನಲ್ಲ.

"ಮತ್ತಿನ್ನೇನು ತಕರಾರು?"

"ಇಷ್ಟು ಚೆಂದದ ಕಣ್ಣು ಮಾಡಿಟ್ಟು, ನೋಡೋಕೆ ಟೈಮೇ ಕೊಟ್ಟಿಲ್ವಲ್ಲ."

ಅವನ ಮುಖ ಸಣ್ಣದಾಯಿತು. "ಎಂಟು ತಿಂಗಳು ಕೂತು ಆ ನಾಲ್ಕು ಸೆಕೆಂಡು ತೆಗೆದಿದ್ದೀನಿ. ಈಗಿನವರು ಕಾಯಲ್ಲ ರೀ."

ಸಂಜೆ ಎಂದಿನಂತೆ ಒಟ್ಟಿಗೇ ಹೊರಟೆವು. ನಮ್ಮ ಮಹಡಿಯ ಬಾಗಿಲಿಗೆ ಕಾರ್ಡ್ ಹಿಡಿದರೆ ನಾಲ್ಕು ಎಣಿಸುವವರೆಗೂ ಅದು ಅಲುಗುವುದಿಲ್ಲ. ಆಮೇಲೆ ಟಕ್ ಎನ್ನುತ್ತದೆ. ಕೆಲಸಕ್ಕೆ ಸೇರಿದ ವಾರವೇ ಅದರ ಮೇಲೂ ದೂರು ಬರೆದಿದ್ದೆ. ಅದರ ಉಸ್ತುವಾರಿಯೂ ಇವನದೇ. "ನೋಡ್ತೀನಿ," ಎಂದವನು ಹನ್ನೊಂದು ತಿಂಗಳಿಂದ ನೋಡುತ್ತಲೇ ಇದ್ದಾನೆ.

"ಇದೂ ಸಾಧನೆನಾ?" ಎಂದು ಕೆಣಕಿದೆ. ಅವನ ಕಿವಿ ಕೆಂಪಾಯಿತು.

ಬುಧವಾರ ಹೊರಗಿನವರನ್ನು ಕರೆಸಿ ಆಡಿಸಿ ನೋಡುವ ದಿನ. ಹಲ್ಲಿನ ಡಾಕ್ಟರಾಗಿರುವ ನನ್ನಕ್ಕ ಅರ್ಧ ದಿನ ಕ್ಲಿನಿಕ್ ಮುಚ್ಚಿ ಬಂದಳು. ಪಕ್ಕದಲ್ಲಿ ದೋಣಿಯವಳಾಗಿ ನಾನೇ ಕೂತೆ. ಹಿಂದೆ ಅವಸರ ನೋಟ್‌ಬುಕ್ ಹಿಡಿದು ನಿಂತಿದ್ದ.

ಮೊದಲ ಬಾಗಿಲು ಬಂತು. ಅಕ್ಕ ಗಂಟಲು ಸರಿಮಾಡಿಕೊಂಡು, ನನ್ನ ಕಡೆ ತಿರುಗಿ, ಅದೇ ಹಳೆಯ ದಪ್ಪ ದನಿಯಲ್ಲಿ, "ಕೈ ತಣ್ಣಗಿದೆಯಲ್ಲ..." ಎನ್ನುವಷ್ಟರಲ್ಲಿ ಇಬ್ಬರೂ ಮುಂದಿನ ಕೋಣೆಯಲ್ಲಿದ್ದೆವು. ಎರಡನೇ ಬಾಗಿಲಿಗೆ ಬಾಯಿ ತೆರೆದಳು, ಮುಚ್ಚಿದಳು. ಮೂರನೆಯದಕ್ಕೆ ತೆರೆಯಲೇ ಇಲ್ಲ.

"ಚಿತ್ರ ತುಂಬಾ ಚೆನ್ನಾಗಿದೆ," ಎಂದಳು ಕೊನೆಗೆ, ಅವನಿಗೆ. "ಎಲ್ಲೂ ನಿಲ್ಲೋದೇ ಇಲ್ಲ."

ಅವನು ಅದನ್ನು ಬರೆದುಕೊಳ್ಳಲಿಲ್ಲ. ಪೆನ್ನು ಹಿಡಿದು ಸುಮ್ಮನೆ ಅಕ್ಕನ ಮುಖ ನೋಡಿದ.

ಲಿಫ್ಟಿನಲ್ಲಿ ಅಕ್ಕ ನನಗೆ ಮೊಣಕೈಯಲ್ಲಿ ತಿವಿದಳು. "ಅವಸರ ಅಂದ್ರೆ ಇವನೇನೇ? ನಿನ್ನ ನೋಡುವಾಗ ಅಂಥಾ ಅವಸರವೇನೂ ಕಾಣ್ಲಿಲ್ಲಮ್ಮ."

ಶುಕ್ರವಾರ ನನ್ನ ಮಗ್ಗು, ಶಾಲು, ಅರ್ಧ ಖಾಲಿಯಾದ ಬಿಸ್ಕತ್ತಿನ ಡಬ್ಬ ಎಲ್ಲ ಒಂದು ಪೆಟ್ಟಿಗೆಗೆ ಹೋದವು. ಕೊನೆಯ ಸಲ ದೂರುಗಳ ಪಟ್ಟಿ ತೆರೆದೆ. ನನ್ನ ದೂರಿನ ಮುಂದೆ ಹೊಸ ಸಾಲಿತ್ತು: "ದೋಷ ಹೌದು. ಸರಿಪಡಿಸಲಾಗಿದೆ."

ತಕ್ಷಣ ಗೇಮ್ ಹಾಕಿದೆ. ಬಾಗಿಲ ಮುಂದೆ ಇಬ್ಬರೂ ನಿಂತರು. ಕಾವಲುಗಾರ ದೀಪ ಎತ್ತಿದ, ದೋಣಿಯವಳು ತಲೆ ಎತ್ತಿದಳು, ಅವಳ ಕಣ್ಣಿನಲ್ಲಿ ಜ್ವಾಲೆ ನಿಂತಿತು. ಒಂದು, ಎರಡು, ಮೂರು, ನಾಲ್ಕು. ನನ್ನ ಕಣ್ಣು ತುಂಬಿಬಂತು. ಕೊಕ್ಕೆ ಎಂದು ಹೆಸರು ಪಡೆದವಳು ಒಪ್ಪಿಕೊಳ್ಳಬೇಕು, ಇದು ಹಳೆಯದಕ್ಕಿಂತ ಚೆನ್ನಾಗಿತ್ತು. ಚುಕ್ಕಿಗಳಿಗೆ ನಾವು ಕಣ್ಣು ಕಲ್ಪಿಸಿಕೊಳ್ಳಬೇಕಿತ್ತು. ಈ ಕಣ್ಣು ತಾನೇ ನೋಡುತ್ತಿತ್ತು.

ಸಂಜೆ ಅವನೇ ನನ್ನ ಪೆಟ್ಟಿಗೆ ಹೊತ್ತುಕೊಂಡ.

"ಮ್ಯಾನೇಜರ್ ಒಪ್ಪಿದ್ರಾ?"

"ನಿಮ್ಮಕ್ಕ ಆಡಿದ ವಿಡಿಯೋ ತೋರಿಸಿದೆ. ಮೂರನೇ ಬಾಗಿಲು ಬರೋಷ್ಟರಲ್ಲಿ ಅವರೇ, ಸರಿ ಕಣಯ್ಯ, ಕಾಯಿಸು ಅಂದ್ರು."

ನಮ್ಮ ಬಾಗಿಲು ಬಂತು. ಕೆಳಗೆ ವಾಪಸು ಕೊಡಬೇಕಾದ ಕಾರ್ಡನ್ನು ಹಿಡಿದೆ.

"ಇದನ್ನ ಸರಿಮಾಡೋಕೆ ಎಷ್ಟು ಹೊತ್ತು ಬೇಕಿತ್ತು, ನಿಜ ಹೇಳಿ."

"ಎರಡು ನಿಮಿಷ."

"ಮತ್ತೆ ಹನ್ನೊಂದು ತಿಂಗಳು ಏನು ನೋಡ್ತಿದ್ರಿ?"

"ನಿಮ್ಮನ್ನ." ಪೆಟ್ಟಿಗೆಯ ಮೇಲಿಂದ ಅವನು ನೇರವಾಗಿ ನೋಡಿದ. "ಇಡೀ ದಿನದಲ್ಲಿ ನೀವು ಜಗಳ ಆಡದೆ ನನ್ನ ಪಕ್ಕ ನಿಲ್ಲೋದು ಇಲ್ಲೊಂದೇ ಕಡೆ. ನೀವಂದ್ರೆ ನನಗೆ ತುಂಬಾ ಇಷ್ಟ."

ಟಕ್ ಎಂದಿತು. ಯಾರೂ ಕದಲಲಿಲ್ಲ. ಬಾಗಿಲು ಮತ್ತೆ ಮುಚ್ಚಿಕೊಂಡಿತು.

"ಆಡೋರಿಗೊಂದು ನ್ಯಾಯ, ನಿಮಗೊಂದು ನ್ಯಾಯನಾ?" ಬೈಯಬೇಕೆಂದಿದ್ದೆ, ದನಿ ಒಡೆಯಿತು. "ನನಗೂ ಇಷ್ಟ ಕಣ್ರೀ. ಇಲ್ದಿದ್ರೆ ಒಂದೇ ದೂರನ್ನ ಮೂರು ಸಲ ಯಾರು ಬರೀತಾರೆ?"

ಅವನು ಪೆಟ್ಟಿಗೆ ಕೆಳಗಿಟ್ಟು ನನ್ನ ಕೈ ಹಿಡಿದ. "ತಣ್ಣಗಿದೆ. ನಿಮ್ಮಕ್ಕನ ಮಾತು ಅರ್ಧಕ್ಕೇ ನಿಂತುಹೋಯ್ತು, ನನ್ನಿಂದಾಗಿ. ಮುಂದೇನು ಅದರಲ್ಲಿ?"

"ದೀಪದ ಹತ್ತಿರ ಬಾ," ಎಂದೆ. "ಇಲ್ಲಿ ದೀಪ ಇಲ್ಲ. ಸುಮ್ನೆ ಹತ್ತಿರ ಬಾ."

ಇನ್ನೊಂದು ಕೈಯಲ್ಲಿ ಕಾರ್ಡನ್ನು ಮತ್ತೆ ಬಾಗಿಲಿಗೆ ಹಿಡಿದೆ.

"ಬಂದೆ," ಎಂದವನು ಅವಸರ ಮಾಡಲಿಲ್ಲ.