ಮೇಜಿನ ಮೇಲೆ ಉಳಿದ ತಗಡು

"ಇದು ಸತ್ತು ಎಷ್ಟೋ ಕಾಲ ಆಯ್ತು. ಎಸೆದು ಹೊಸದು ತಗೊಳ್ಳಿ," ಎಂದ ಅಣ್ಣ, ರಿಪೇರಿ ಅಂಗಡಿಯ ಕಟ್ಟೆಯಿಂದ ಮೀಟರನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು.

ತಂದವನು ವೈರಿಂಗ್ ಕೆಲಸದವನು. ನಿಂತಲ್ಲಿಂದಲೇ ಸೀಲಿಂಗ್ ಮುಟ್ಟುವಷ್ಟು ಉದ್ದ ಇದ್ದುದರಿಂದ ಎಲ್ಲರೂ ಅವನನ್ನು ಏಣಿ ಎಂದೇ ಕರೆಯುತ್ತಿದ್ದರು. ತಂತಿಯಲ್ಲಿ ಕರೆಂಟು ಇದೆಯೋ ಇಲ್ಲವೋ ಅಳೆದು ತೋರಿಸುವ ಮಲ್ಟಿಮೀಟರು ಅದು, ಯಾರೋ ಬಳಸಿ ಬಿಟ್ಟಿದ್ದನ್ನು ಅಗ್ಗಕ್ಕೆ ಕೊಂಡಿದ್ದ. ಒಳಗೆ ಮರೆತುಹೋದ ಸೆಲ್‌ಗಳು ಸೋರಿ, ಸ್ಪ್ರಿಂಗಿನ ಮೇಲೆಲ್ಲ ಬಿಳಿ, ಹಸಿರು ಹುಡಿ ಕಟ್ಟಿತ್ತು.

"ನಾನು ನೋಡ್ತೀನಿ," ಎಂದಳು ಒಳಗಿನ ಮೇಜಿನಲ್ಲಿ ರೇಡಿಯೊ ಬಿಚ್ಚಿಕೊಂಡು ಕೂತಿದ್ದ ತಂಗಿ.

"ನೋಡು. ಆದ್ರೆ ಇದು ಕರೆಂಟು ಮುಟ್ಟೋರ ಸಾಮಾನು. ಹೆಚ್ಚುಕಮ್ಮಿ ಆಯ್ತೋ, ಆ ಮೇಜಿಗೆ ನೀನು ಮತ್ತೆ ಕೂರೋ ಹಾಗಿಲ್ಲ."

ಆ ಮೇಜಿಗಾಗಿ ಅವಳು ಎರಡು ವರ್ಷ ಅಣ್ಣನ ಬೆನ್ನು ಬಿದ್ದಿದ್ದಳು. ಹೂಂ ಎಂದಳು.

ವಿನೆಗರ್ ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ಒಣಗಿಸಿ, ತಿಂದುಹೋದ ಕಡೆ ಕೂದಲಿನಷ್ಟು ಸಣ್ಣ ತಂತಿ ಬೆಸೆದಳು. ಹುಡಿ, ಏನನ್ನು ಅಳೆಯಬೇಕೆಂದು ಆರಿಸುವ ತಿರುಗಣೆಯ ಅಡಿಗೂ ಹಬ್ಬಿತ್ತು. ಅದನ್ನೂ ಬಿಚ್ಚಿದಳು. ಮೂರು ದಿನ ಹಿಡಿಯಿತು. ಮೂರು ದಿನವೂ ಏಣಿ ಬಂದ.

"ಹೇಗಿದೆ ರೋಗಿ?"

"ಉಸಿರಾಡ್ತಿದೆ. ಸ್ವಲ್ಪ ಪಕ್ಕಕ್ಕೆ ನಿಲ್ಲಿ, ಬೆಳಕೆಲ್ಲ ನೀವೇ ನುಂಗ್ತಿದ್ದೀರಿ."

"ಬಗ್ಗಲಾ?"

"ಬಗ್ಗಿದ್ರೆ ಇನ್ನೂ ಕತ್ತಲೆ."

ಅವನು ಕುಕ್ಕರುಗಾಲಲ್ಲಿ ಕೂತ. ಆಗ ಅವನ ಕಣ್ಣು ಸರಿಯಾಗಿ ಅವಳ ಕೈಗಳ ಮಟ್ಟಕ್ಕೆ ಬಂತು. ಅವನು ಏನು ನೋಡುತ್ತಿದ್ದಾನೆಂದು ತಲೆ ಎತ್ತದೆಯೇ ಅವಳಿಗೆ ಗೊತ್ತಾಯಿತು. ಹಿಡಿದ ಸ್ಕ್ರೂ ಜಾರಿತು.

ನಾಲ್ಕನೆಯ ದಿನ ಬೆಳಿಗ್ಗೆ ಹೊಸ ಸೆಲ್ ಹಾಕಿದಾಗ ಮೀಟರು ಕಣ್ಣು ಬಿಟ್ಟಿತು. ಇನ್ನೊಂದು ಸೆಲ್‌ಗೆ ಮುಟ್ಟಿಸಿದರೆ ಒಂದೂವರೆ ವೋಲ್ಟ್ ಎಂದು ತೋರಿಸಿತು. ಅವನು ನಕ್ಕ, ಅವಳೂ ನಕ್ಕಳು, ಅಣ್ಣ ಕೆಮ್ಮಿದ. ಆ ನಗುವಿನಲ್ಲಿ, ಗೋಡೆಯ ಪ್ಲಗ್ಗಿಗೆ ಇಟ್ಟು ನೋಡುವುದು ಅವಳ ತಲೆಯಿಂದ ಹಾರಿಹೋಯಿತು. ಅವನು ಮೀಟರನ್ನು ಚೀಲಕ್ಕೆ ಹಾಕಿಕೊಂಡು ಐಸ್ ಫ್ಯಾಕ್ಟರಿಯ ಕೆಲಸಕ್ಕೆ ಹೋದ.

ಹೊತ್ತೇರಿದ ಮೇಲೆ ಮೇಜಿನ ಬಟ್ಟೆ ಕೊಡವಿದಳು. ಏನೋ ಟಿಣ್ಣೆಂದು ಬಿತ್ತು.

ಉಗುರಿನ ಚೂರಿನಷ್ಟು ತಗಡು. ತಿರುಗಣೆಯ ಅಡಿಯಲ್ಲಿ ಇರಬೇಕಾದ ಆರರಲ್ಲಿ ಒಂದು.

ಇದಿಲ್ಲದಿದ್ದರೂ ಮೀಟರು ಸೆಲ್ ಅಳೆಯುತ್ತದೆ. ಕರೆಂಟು ಹರಿಯುವ ತಂತಿಗೆ ಇಟ್ಟರೆ ಮಾತ್ರ ಸೊನ್ನೆ ಎನ್ನುತ್ತದೆ. ಸೊನ್ನೆ ಎಂದರೆ, ಮುಟ್ಟು, ಭಯವಿಲ್ಲ ಎಂದು.

ಫೋನ್ ಮಾಡಿದಳು. ಹೊಡೆದುಕೊಂಡೇ ಹೋಯಿತು. ಕೆಲಸದ ಹೊತ್ತಲ್ಲಿ ಅದನ್ನು ಚೀಲದಲ್ಲಿಡುತ್ತೇನೆ, ಗಂಟೆ ಬಾರಿಸಿದರೆ ಕೈ ಬೆಚ್ಚುತ್ತದೆ ಎಂದು ಅವನೇ ಹೇಳಿದ್ದ.

"ಎಲ್ಲಿಗೇ?" ಎಂದ ಅಣ್ಣನಿಗೆ ಉತ್ತರ ಕೊಡದೆ ಅವನ ಸೈಕಲ್ಲನ್ನೇ ಹತ್ತಿದಳು. ತಗಡು ಮುಷ್ಟಿಯಲ್ಲಿತ್ತು. ಎರಡು ರಸ್ತೆ, ಒಂದು ಸೇತುವೆ. ಕಣ್ಣೆದುರು ಇದ್ದದ್ದು ರಸ್ತೆಯಲ್ಲ, ತಂತಿಯ ಕಡೆಗೆ ನಿಧಾನ ಹೋಗುತ್ತಿದ್ದ ಅವನ ಉದ್ದನೆಯ ಬೆರಳುಗಳು. ಈಗ ಮುಟ್ಟಿರಬಹುದು. ಈಗ. ಇಲ್ಲ, ಈಗ.

ಗೇಟಿನವನು ಹೇಳಿದ, "ಮೋಟರ್ ರೂಮಲ್ಲಿದ್ದಾರೆ. ತುಂಬ ಹೊತ್ತಾಯ್ತು, ಸದ್ದೇ ಇಲ್ಲ ನೋಡಿ."

ಕರೆಂಟಿನ ಪ್ಯಾನೆಲ್ಲಿನ ಪೆಟ್ಟಿಗೆಯ ಹಿಂದಿನಿಂದ ಎರಡು ಉದ್ದನೆಯ ಕಾಲುಗಳು ಚಾಚಿದ್ದವು. ಅಲುಗಾಡುತ್ತಿರಲಿಲ್ಲ.

"ಏಳೋ! ಏಯ್, ಏಳೋ!"

ಕೈ ಮುಂದೆ ಹೋಯಿತು, ನಿಂತಿತು. ಮೈಯಲ್ಲಿ ಇನ್ನೂ ಕರೆಂಟಿದ್ದರೆ? ಮೂಲೆಯಲ್ಲಿದ್ದ ಪೊರಕೆಯ ಮರದ ಹಿಡಿಯಿಂದ ಅವನ ಕಾಲನ್ನು ತಿವಿದಳು. ಮತ್ತೆ ತಿವಿದಳು.

"ಅಯ್ಯೋ! ಪೊರಕೇಲಿ ಯಾಕ್ರೀ ತಿವೀತೀರಿ?"

ಅವನು ಕಣ್ಣುಜ್ಜಿಕೊಂಡು ಎದ್ದು ಕೂತಿದ್ದ. ಅವಳು ಪೊರಕೆ ಬಿಟ್ಟು ನೆಲದ ಮೇಲೆ ಕೂತಳು. ಮುಷ್ಟಿ ಬಿಚ್ಚಿ ತೋರಿಸಿದಳು. ತಗಡು ಅಂಗೈಯಲ್ಲಿ ಅಚ್ಚೊತ್ತಿತ್ತು.

"ಗೊತ್ತಾಯ್ತು," ಎಂದ ಮೆಲ್ಲಗೆ. "ಯಾವ ಮೀಟರಾದ್ರೂ ಮೊದಲು ದೀಪ ಉರಿಯೋ ಪ್ಲಗ್ಗಿಗೆ ಇಟ್ಟು ನೋಡ್ತೀನಿ. ದೀಪ ಉರೀತಾನೇ ಇದೆ, ಇದು ಸೊನ್ನೆ ಅಂತು. ಆಮೇಲೆ ಏನೂ ಮುಟ್ಟಿಲ್ಲ."

"ಮತ್ತೆ ಅಂಗಡಿಗೆ ಬರಬಾರದಿತ್ತಾ?"

"ನಿಮ್ಮಣ್ಣ ಇರ್ತಾರಲ್ಲ. ಅವರು ಊಟಕ್ಕೆ ಹೋದ ಮೇಲೆ ಬರೋಣ ಅಂತ ಕೂತೆ, ಹಾಗೇ ಕಣ್ಣು ಹತ್ತಿತು. ಆ ಮೇಜು ಹೋದ್ರೆ ನೀವು..."

ಅವಳಿಗೆ ಅಳು ಬಂತು. ಅತ್ತುಕೊಂಡೇ ನೆಲದ ಮೇಲೆ ಮೀಟರು ಬಿಚ್ಚಿದಳು. ತಗಡು ಎರಡು ಸಲ ಜಾರಿತು. ಅವನು ಟಾರ್ಚ್ ಹಿಡಿದ. ಪ್ಲಗ್ಗಿಗೆ ಇಟ್ಟಾಗ ಇನ್ನೂರ ಮೂವತ್ತು ಬಂತು.

"ಇನ್ನೊಂದ್ಸಲ ನೋಡಿ," ಎಂದಳು. ನೋಡಿದ. "ಇನ್ನೊಂದ್ಸಲ."

"ಇಷ್ಟೊಂದು ಹೆದರಿದ್ರಾ?"

"ಹೂಂ. ಬರೀ ಗಿರಾಕಿಗಾಗಿ ಯಾರೂ ಇಷ್ಟು ಹೆದರಲ್ಲ."

ಅವನ ಕಿವಿ ಕೆಂಪಾಯಿತು. ಟಾರ್ಚನ್ನು ತಿರುಗಿಸುತ್ತ, "ಅಣ್ಣನಿಗೆ ಏನು ಹೇಳೋದು?" ಎಂದ.

"ತಗಡು ಬಿಟ್ಟಿದ್ದನ್ನ ನಾನೇ ಹೇಳ್ತೀನಿ. ಬೈದ್ರೆ ಬೈಲಿ, ಮುಚ್ಚಿಡೋ ವಿಷಯ ಅಲ್ಲ." ಕಣ್ಣೊರೆಸಿಕೊಂಡಳು. "ಇನ್ನೊಂದನ್ನ, ನಮ್ಮಿಬ್ಬರದನ್ನ, ನೀವು ಹೇಳಿ."

"ಇವತ್ತೇನಾ?"

"ಇವತ್ತೇ."

ಅವನು ಎದ್ದು ಪ್ಯಾನೆಲ್ಲಿನ ಬಾಗಿಲು ತೆರೆದ. ಅವಳು ಖಾಲಿ ಪೆಟ್ಟಿಗೆಯೊಂದನ್ನು ಎಳೆದುಕೊಂಡು ಕೂತಳು. ಬೆರಳು ತಂತಿಯ ಹತ್ತಿರ ಹೋದಾಗಲೆಲ್ಲ ಉಸಿರು ಬಿಗಿಹಿಡಿದಳು.

"ನೀವು ಹೊರಡಿ, ನಾನು ಮುಗಿಸಿ ಬರ್ತೀನಿ," ಎಂದ ಅವನು, ತಿರುಗದೆ.

"ಇಲ್ಲ. ಮುಗಿಸಿ, ಜೊತೇಲೇ ಹೋಗೋಣ."