ಎಡ ಮುಂಗೈಯ ಗುಂಡಿ

ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ. ಪಾರ್ಶ್ವವಾಯು ಬಡಿದು ನನ್ನ ಬಲಗೈ ಬಿದ್ದುಹೋದ ಮೇಲೆ ಅಂಗಿ ತೊಡಿಸುತ್ತಿದ್ದವಳು ಹೆಂಡತಿ. ಪಾತ್ರೆ ತೊಳೆಯುವುದನ್ನು ಅರ್ಧಕ್ಕೆ ಬಿಟ್ಟು ಬಂದು, ತಣ್ಣನೆಯ ಒದ್ದೆ ಕೈಯಲ್ಲೇ ಗುಂಡಿ ಹಾಕುವಳು. ಈ ವರ್ಷ ಅವಳನ್ನು ದೇವರು ಕರೆದುಕೊಂಡ.

“ನಿಮ್ಮ ಕೆಲಸ ನೀವೇ ಮಾಡ್ಕೊಂಡ್ರೆ ಇಲ್ಲೇ ಇರಿ ಅಪ್ಪ. ಇಲ್ಲದಿದ್ರೆ ಸುಮ್ಮನೆ ನನ್ನ ಜೊತೆ ಹೊರಡಿ,” ಎಂದಳು ಮಗಳು.

“ಹೊರಗೆ ಕೂತಿರು. ಮದುಮಗನ ಹಾಗೆ ಬರ್ತೀನಿ ನೋಡು.”

ಬಾಗಿಲು ಹಾಕಿಕೊಂಡು ದೇವರನ್ನು ನೆನೆದೆ. ತುಂಬುತೋಳಿನ ಅಂಗಿಯೊಳಕ್ಕೆ, ಆಸ್ಪತ್ರೆಯಲ್ಲಿ ಕಲಿಸಿದಂತೆ, ಸೋತ ಕೈಯನ್ನೇ ಮೊದಲು ತೂರಿಸಿದೆ. ಎಡಗೈಯೊಂದರಿಂದಲೇ ಎದೆಯ ಗುಂಡಿಗಳನ್ನೂ ಬಲ ಮುಂಗೈಯ ಗುಂಡಿಯನ್ನೂ ಹಾಕಿ ಮುಗಿಸಿದೆ. ಬಿಸಿಲಿಗೆ ಕಾದ ಕೋಣೆ. ಆದರೂ ನಡುವೆ ಒಮ್ಮೆ ಎಡ ಮಣಿಕಟ್ಟು ಮಾತ್ರ ತಣ್ಣಗಾಯಿತು. ಗೆಲ್ಲುವ ಹಟದಲ್ಲಿ ಅದನ್ನು ಗಮನಕ್ಕೆ ತಂದುಕೊಳ್ಳಲಿಲ್ಲ.

ಎದೆ ಸೆಟೆಸಿಕೊಂಡು ಹೊರಬಂದೆ. ಮಗಳ ಕಣ್ಣು ತುಂಬಿತು.

“ಗೆದ್ರಿ ಅಪ್ಪ. ಇಲ್ಲೇ ಇರಿ.”

ಅಷ್ಟರಲ್ಲಿ ನನ್ನ ಎಡಗೈ ಹಿಡಿದು ತಿರುಗಿಸಿ ನೋಡಿದಳು.

“ಈ ಕೈ ಗುಂಡೀನ ಯಾವ ಕೈಯಲ್ಲಿ ಹಾಕ್ಕೊಂಡ್ರಿ?”

ನನ್ನ ಬಲಗೈ ಬೆರಳುಗಳು ಇಂದಿಗೂ ಮಡಚುವುದಿಲ್ಲ. ಆ ಗುಂಡಿ ಮಾತ್ರ ಅಚ್ಚುಕಟ್ಟಾಗಿ ಕೂತಿತ್ತು. ಸುತ್ತಲಿನ ಬಟ್ಟೆ ಒದ್ದೆಯಾಗಿತ್ತು.