ಬಲಗಡೆಯ ಕಂಬಕ್ಕೆ ಹೊದಿಕೆ

“ಎಡಗಡೆಯ ಕಂಬಕ್ಕೆ ಎಂತ ಬೇಕಾದ್ರೂ ಸುತ್ತಿಸಿ ಶೆಟ್ರೇ. ಬಲಗಡೆಯದ್ದನ್ನು ಮಾತ್ರ ಮುಚ್ಚಬೇಡಿ,” ಎಂದಳು ದೇಯಿ.

ಶಕ್ತಿನಗರದ ಆ ಮನೆಯನ್ನು ಚಿತ್ತರಂಜನ ಶೆಟ್ಟಿಗೆ ಮಾರಿದವಳು ಅವಳೇ. ಮಾರಿದ ಮೇಲೂ ಬೇಲಿಯಾಚೆಯ ಸಣ್ಣ ಮನೆಯಲ್ಲಿದ್ದಳು. ಹಂಪನಕಟ್ಟೆಯಲ್ಲಿ ಲಾಡ್ಜ್ ನಡೆಸುವ ಚಿತ್ತರಂಜನನಿಗೆ ಮುಂಭಾಗದ ಎರಡು ಮುರಕಲ್ಲಿನ ಕಂಬಗಳು ಕಣ್ಣಿಗೆ ಚುಚ್ಚುತ್ತಿದ್ದವು. ಗಾರೆ ಕಾಣದ ಕೆಂಪು ಕಲ್ಲು, ಮೈಯೆಲ್ಲ ತೂತು, ಸಂದುಸಂದಿಗೆ ಪಾಚಿ. ಅವಕ್ಕೆ ಹೊದಿಸಲು ತೇಗದ ಬಣ್ಣದ ಪ್ಲಾಸ್ಟಿಕ್ ಹಲಗೆ ತರಿಸಿದ್ದ. ಮೂಗಿಗಿಂತ ಮೂಗುತಿ ಭಾರ ಎಂದು ಹೆಂಡತಿ ಶಶಿಪ್ರಭಾ ಹೇಳಿದರೂ ಕೇಳಿರಲಿಲ್ಲ.

“ಅದರೊಳಗೆ ಎಂತ ಉಂಟು ಅಜ್ಜಿ? ನಿಧಿಯಾ?”

ದೇಯಿ ದನಿ ತಗ್ಗಿಸಿದಳು. “ನನ್ನ ಅತ್ತಿಗೆ. ಮಲಗಿದ್ದವಳ ಮುಖಕ್ಕೆ ಅಣ್ಣನೇ ದಿಂಬು ಒತ್ತಿದ್ದು. ಸತ್ತ ಮೇಲೆ ಕುಲೆಯಾಗಿ ಕಾಡಿದಳು. ಮಂತ್ರವಾದಿ ಬಂದು ಆ ಕಂಬಕ್ಕೆ ಕಟ್ಟಿದ. ಇವಳ ಉಸಿರು ಇನ್ನೊಮ್ಮೆ ಕಟ್ಟಬೇಡಿ ಅಂತ ಹೇಳಿ ಹೋದ. ಅದಕ್ಕೇ ನಾವು ಗಾರೆ ಕೂಡ ಮಾಡಿಸ್ಲಿಲ್ಲ.”

ಚಿತ್ತರಂಜನ ಹೊಟ್ಟೆ ಹಿಡಿದುಕೊಂಡು ನಕ್ಕ. ಲಾಡ್ಜಿನಲ್ಲಿ ಒಬ್ಬ ನೇಣು ಹಾಕಿಕೊಂಡ ಕೋಣೆಯನ್ನು ಮರುದಿನವೇ ಬಾಡಿಗೆಗೆ ಕೊಟ್ಟ ಮನುಷ್ಯ ಅವನು.

ಕೆಲಸದ ರುಡೊಲ್ಫ್ ಎರಡೂ ಕಂಬಗಳಿಗೆ ಹಲಗೆ ಕೂರಿಸಿ, ಗಾಳಿಯಾಡಲೆಂದು ಮೇಲೆ ಕೆಳಗೆ ಬೆರಳಗಲದ ಸಂದು ಬಿಟ್ಟು ಹೋದ. ಅಲ್ಲಿಗೇ ಬಿಟ್ಟಿದ್ದರೆ ಅವನ ಮಗಳು ಉಳಿಯುತ್ತಿದ್ದಳೋ ಏನೋ. ಆದರೆ ಚಿತ್ತರಂಜನನಿಗೆ ತಮಾಷೆ ತಲೆಗೇರಿತ್ತು. ದೇಯಿಯನ್ನು ಬೇಲಿಯ ಹತ್ತಿರ ಕರೆದು, ಅವಳ ಕಣ್ಣೆದುರೇ ಬಲಗಡೆಯ ಕಂಬದ ಎರಡೂ ಸಂದಿಗೆ ತಾನೇ ಡಬ್ಬಿಯಿಂದ ಫೋಮ್ ತುಂಬಿದ. ಅದು ನೊರೆನೊರೆಯಾಗಿ ಉಬ್ಬಿ ಗಟ್ಟಿಯಾಯಿತು.

“ನೋಡಿ, ನಿಮ್ಮ ಅತ್ತಿಗೆಯ ಬಾಯಿ ಮುಚ್ಚಿಸಿದೆ!”

ದೇಯಿ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿ ಅವಳಿಗೂ ಸಾಕಾಗಿತ್ತು.

ಮೊದಲು ಬಂದದ್ದು ವಾಸನೆ. ಬಾಡಿದ ಮಲ್ಲಿಗೆ, ಬೆವರಿದ ತಲೆಗೂದಲು, ಒದ್ದೆ ಮಣ್ಣು. ಆಮೇಲೆ ಸದ್ದು. ಹಲಗೆಯೊಳಗೆ ಯಾರೋ ಉಗುರಿನಿಂದ ಕೆರೆಯುವಂತೆ. “ಇಲಿ,” ಎಂದ ಚಿತ್ತರಂಜನ. ಅದೇ ವಾರ ಮಗಳು ಚೈತಾಲಿಗೆ ಉಸಿರು ಸಿಗದಾಯಿತು. ಗೇಟಿನಿಂದಲೇ ಕೂಗಿಕೊಂಡು ಬರುತ್ತಿದ್ದ ಎಂಟು ವರ್ಷದ ಹುಡುಗಿ ಈಗ ಒಂದು ಮಾತು ಮುಗಿಸಲು ಏದುಸಿರು ಬಿಡುತ್ತಿದ್ದಳು. ಶ್ವಾಸಕೋಶದಲ್ಲಿ ಏನೂ ದೋಷವಿಲ್ಲ ಎಂದರು ಡಾಕ್ಟರು. ಒಬ್ಬಳೇ ಮಗಳು. ಅವಳ ಎದೆ ಏರಿಳಿಯುವುದನ್ನೇ ನೋಡುತ್ತ ಕೂತ ಅಪ್ಪನಿಗೆ ಅನ್ನ ಸೇರಲಿಲ್ಲ.

ಒಂದು ಸಂಜೆ ಮೋಡ ಕವಿದು ಊರೆಲ್ಲ ಕಪ್ಪಾಯಿತು. ಕರೆಂಟ್ ಹೋಯಿತು. ಒಂದೆಲೆಯೂ ಅಲುಗದ ಸೆಕೆ. ಚೈತಾಲಿ ಹಾಸಿಗೆಯಲ್ಲಿ ಬಿದ್ದುಕೊಂಡು ಮುಖದ ಮೇಲಿನ ಏನನ್ನೋ ಎರಡೂ ಕೈಗಳಿಂದ ತಳ್ಳುತ್ತಿದ್ದಳು. ಮುಖದ ಮೇಲೆ ಏನೂ ಇರಲಿಲ್ಲ.

“ಪಪ್ಪ... ದಿಂಬು ತೆಗೀಲಿಕ್ಕೆ ಹೇಳಿ... ಅವರಿಗೆ...”

ದಿಂಬಿನ ವಿಷಯವನ್ನು ಚಿತ್ತರಂಜನ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಹಾರೆ ಹಿಡಿದು ಹೊರಗೆ ಓಡಿದ. ಬಲಗಡೆಯ ಕಂಬದ ಹಲಗೆ ಮುಟ್ಟಿದ. ಬೆಚ್ಚಗಿತ್ತು. ಅದು ಉಬ್ಬಿತು. ತಗ್ಗಿತು. ಮತ್ತೆ ಉಬ್ಬಿತು.

“ತಪ್ಪಾಯ್ತು ಅಮ್ಮ! ತಪ್ಪಾಯ್ತು!”

ಹಾರೆ ತೂರಿಸಿ ಮೀಟಿದ. ಒಂದು ಹಲಗೆ ಬಿತ್ತು. ಒಳಗಿನಿಂದ ಶಶಿಪ್ರಭಾ ಕಿರುಚಿದಳು: “ಉಸಿರು ಬರ್ತಾ ಉಂಟು! ನಿಲ್ಲಿಸ್ಬೇಡಿ ಮಾರಾಯ್ರೆ!”

ಇನ್ನೊಂದು. ಮತ್ತೊಂದು. ಅಂಗೈ ಹರಿಯಿತು. ರಕ್ತ. ಹಲಗೆಯ ಹಿಂದಿನ ಕಲ್ಲು ಬೆವರುತ್ತಿತ್ತು. ಬೆಂದ ಗೆಣಸಿನಷ್ಟು ಮೆತ್ತಗಾಗಿತ್ತು. ಅವನು ಅದನ್ನು ಗಮನಿಸಲಿಲ್ಲ. ಮೇಲಿನ ಫೋಮ್ ಮಾತ್ರ ಉಳಿದಿತ್ತು. ಎಳೆದ. ಬರಲಿಲ್ಲ. ಹಾರೆಯ ಮೇಲೆ ಇಡೀ ಮೈಭಾರ ಬಿಟ್ಟ. ಫೋಮ್ ಬಂತು. ಅದಕ್ಕೆ ಕಚ್ಚಿಕೊಂಡು ಕಲ್ಲೂ ಬಂತು. ಚಿತ್ತರಂಜನ ಹಾರೆಯೊಂದಿಗೆ ಅಂಗಳಕ್ಕೆ ಬಿದ್ದ.

“ಪಪ್ಪಾ! ನಂಗೆ ಸರಿಯಾಯ್ತು!”

ಚೈತಾಲಿ ಬಾಗಿಲು ದಾಟಿ ಓಡಿ ಬಂದಳು. ಬಾಯಿ ತುಂಬ ನಗು.

“ಬರ್ಬೇಡ ಮಗಾ—”

ಕಂಬ ಕುಸಿಯಿತು. ಮೇಲಿದ್ದ ಸ್ಲ್ಯಾಬ್ ಅವಳ ಮೇಲೆ ಬಿತ್ತು.

ಕೆಂಪು ಧೂಳು ಕಣ್ಣಿಗೆ, ಮೂಗಿಗೆ. ಅವನು ಬರಿಗೈಯಲ್ಲಿ ಅಗೆದ. ಉಗುರು ಕಿತ್ತುಬಂದವು. ಅಡಿಯಿಂದ ಉಸಿರು ಕೇಳಿಸಿತು. ದೀರ್ಘವಾದ, ನಿರಾಳವಾದ ಉಸಿರು. “ಇದ್ದಾಳೆ! ಬದುಕಿದ್ದಾಳೆ!” ಕಲ್ಲೆತ್ತಿ ಎಸೆದ. ಇನ್ನೊಂದು ಕಲ್ಲೆತ್ತಿದ. ಉಸಿರು ಹತ್ತಿರವಾಗುತ್ತಿತ್ತು.

ಹಿಂದಿನಿಂದ ದೇಯಿ ಅವನ ಭುಜ ಹಿಡಿದಳು. “ಸಾಕು ಶೆಟ್ರೇ. ಇತ್ತ ನೋಡಿ.”

ನೆರೆಯವರು ಆಚೆ ಬದಿಯಿಂದ ಚೈತಾಲಿಯನ್ನು ಆಗಲೇ ಹೊರಗೆಳೆದಿದ್ದರು. ಶಶಿಪ್ರಭಾಳ ಮಡಿಲಲ್ಲಿ ಮಲಗಿದ್ದಳು. ಬಾಯಿ ತುಂಬ ಕೆಂಪು ಮಣ್ಣು. ಎದೆ ಏರಲಿಲ್ಲ, ಇಳಿಯಲಿಲ್ಲ.

ಕಲ್ಲುಗಳ ಅಡಿಯಲ್ಲಿ ಉಸಿರು ಮಾತ್ರ ಇನ್ನೂ ಆಡುತ್ತಿತ್ತು.